ಕ್ರೊಯೇಷಿಯಾದಲ್ಲಿ ರಾತ್ರಿ ಯಾಟ್ ಕಟ್ಟಿ ನಿಲ್ಲಿಸೋಕೆ ಎಷ್ಟು ಕೊಡಬೇಕು, ಯಾರಿಗೆ ಕೊಡಬೇಕು

ಬೆಳಗಾವಿಯಿಂದ ನಾವು ಆರು ಜನ ಕ್ರೊಯೇಷಿಯಾಕ್ಕೆ ಹೋಗಿ, ಶಿಬೆನಿಕ್ ಊರಿನ ಹತ್ತಿರ ಒಂದು ಯಾಟ್ (ಒಳಗೇ ಮಲಗಬಹುದಾದ ಹಾಯಿದೋಣಿ) ಬಾಡಿಗೆಗೆ ಹಿಡಿದು ವಾರಪೂರ್ತಿ ಸಮುದ್ರದಲ್ಲಿದ್ದು ಬಂದೆವು. ಶನಿವಾರದಿಂದ ಶನಿವಾರ. ನಮ್ಮಲ್ಲಿ ಯಾರಿಗೂ ಲೈಸೆನ್ಸ್ ಇಲ್ಲ, ಹಾಗಾಗಿ ಸ್ಕಿಪ್ಪರ್, ಅಂದರೆ ಬೋಟ್ ನಡೆಸುವವನ ಸಮೇತ ತಗೊಂಡೆವು. ಅವನ ದಿನದ ಪಗಾರ ಬೇರೆ, ಊಟ ನಮ್ಮದೇ. ಬಾಡಿಗೆ, ವಿಮಾನದ ಟಿಕೆಟ್ ಎಲ್ಲ ಲೆಕ್ಕ ಹಾಕಿದ್ದೆವು. ರಾತ್ರಿ ಬೋಟ್ ಕಟ್ಟುವ ಖರ್ಚು ಮಾತ್ರ ಹಾಕಿರಲಿಲ್ಲ. ನೀವು ಹಾಕಿಕೊಳ್ಳಿ.

ಹತ್ತರಗಿ ಟೋಲಲ್ಲಿ ಕಾರಿಗೊಂದು ರೇಟು, ಲಾರಿಗೊಂದು ರೇಟು ಅಲ್ವಾ? ಅಲ್ಲಿ ಬೋಟಿನ ಉದ್ದ ನೋಡಿ ರೇಟು. ಕ್ಯಾಟಮರಾನ್ (ಜೋಡಿ ಒಡಲಿನ ಬೋಟ್) ಆದರೆ ಇನ್ನೂ ಜಾಸ್ತಿ, ಅಗಲ ಇರುವುದರಿಂದ ಎರಡು ಬೋಟಿನ ಜಾಗ ಹಿಡಿಯುತ್ತದೆ. ಜುಲೈ, ಆಗಸ್ಟಲ್ಲಿ ಎಲ್ಲ ಕಡೆ ತುಟ್ಟಿ. ನಮ್ಮ 12 ಮೀಟರ್ ಬೋಟಿಗೆ ಮರೀನಾದಲ್ಲಿ, ಅಂದರೆ ಯಾಟ್ ನಿಲ್ಲಿಸುವ ಬಂದರಲ್ಲಿ, ಒಂದು ರಾತ್ರಿಗೆ 100 ಯೂರೋ ದಾಟಿತು. ಖಾಡಿಯಲ್ಲಿ ಬೋಯಾಕ್ಕೆ, ಅಂದರೆ ಸಮುದ್ರದ ತಳಕ್ಕೆ ಬಿಗಿದು ಮೇಲೆ ತೇಲಿಬಿಟ್ಟ ಚೆಂಡಿನಂಥದಕ್ಕೆ ಕಟ್ಟಿದ್ದಕ್ಕೆ 40. ಹಳೇ ಬರಹಗಳಲ್ಲಿ ಕೂನಾ, ಅಂದರೆ ಅಲ್ಲಿನ ಹಳೇ ನಾಣ್ಯದ ಲೆಕ್ಕ ಸಿಗುತ್ತದೆ, ಅದನ್ನು ನಂಬಬೇಡಿ, 2023ರ ಜನವರಿ 1ರಿಂದ ಅಲ್ಲಿ ಯೂರೋ. ಅವತ್ತೇ ಅದು ಷೆಂಗೆನ್‌ಗೂ (ಒಂದೇ ವೀಸಾ ನಡೆಯುವ ಯೂರೋಪಿನ ದೇಶಗಳ ಗುಂಪು) ಸೇರಿತು, ಹಾಗಾಗಿ ಷೆಂಗೆನ್ ವೀಸಾ ನಡೆಯುತ್ತದೆ.

ಬೋಯಾ ಇರುವಲ್ಲಿ ಸಂಜೆ ರಬ್ಬರ್ ಬೋಟಲ್ಲಿ ಒಬ್ಬ ದುಡ್ಡು ಕೇಳಿಕೊಂಡು ಬರುತ್ತಾನೆ. ಒಂದು ಖಾಡಿಯಲ್ಲಿ ಹೀಗೇ ಬಂದವನಿಗೆ 40 ಯೂರೋ ಕೊಟ್ಟುಬಿಟ್ಟೆವು. ಬೆಳಿಗ್ಗೆ ಏಳಕ್ಕೆ ಇನ್ನೊಬ್ಬ ಬಂದ, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಸಣ್ಣ ಪ್ರಿಂಟರ್. ನಮ್ಮ ಹತ್ತಿರ ತೋರಿಸೋಕೆ ಪಾವತಿ (ರಸೀದಿ) ಇಲ್ಲ. ಮತ್ತೆ 40 ಕೊಟ್ಟೆವು. ಎಲ್ಲರ ದುಡ್ಡಿನ ಚೀಲ ಇಟ್ಟುಕೊಂಡಿದ್ದ ಕಾಕಾ ಅವತ್ತಿಂದ ಯಾರು ಬಂದರೂ ಮೊದಲು "ಪಾವತಿ ಎಲ್ಲೈತಿ?" ಅಂತ ಕೈ ಚಾಚುತ್ತಿದ್ದರು. ಭಾಷೆ ಬಾರದಿದ್ದರೂ ಬಂದವರಿಗೆ ಅರ್ಥ ಆಗುತ್ತಿತ್ತು. ಪಾವತಿ ಇಲ್ಲದೆ ಕೊಡಲೇಬೇಡಿ. ಕೆಲವು ಬೋಯಾ ಹೋಟೆಲ್‌ನವರದು, ಅಲ್ಲಿ ಊಟ ಮಾಡಿದರೆ ಕಟ್ಟೋದು ಪುಕ್ಕಟೆ. ಆದರೆ ಮೊದಲೇ ಕೇಳಿ, ಮೀನಿನ ರೇಟನ್ನೂ ಕೇಳಿ.

ಕೊರ್ನಾಟಿ ದ್ವೀಪಗಳು ರಾಷ್ಟ್ರೀಯ ಉದ್ಯಾನ. ಅದಕ್ಕೆ ಬೇರೆ ಟಿಕೆಟ್, ಅದೂ ಬೋಟಿನ ಉದ್ದದ ಮೇಲೆ. ಮೊದಲೇ ಕೊಂಡರೆ ಅಗ್ಗ, ಒಳಗೆ ಹೋದ ಮೇಲೆ ಕೊಂಡರೆ ದುಬಾರಿ. ಕ್ರ್ಕಾ ಜಲಪಾತವೂ ರಾಷ್ಟ್ರೀಯ ಉದ್ಯಾನದಲ್ಲಿದೆ, ಅದಕ್ಕೂ ಬೇರೆ ಟಿಕೆಟ್, ಆದರೆ ತಲೆ ಲೆಕ್ಕದ ಮೇಲೆ; ಸ್ಕ್ರಾದಿನ್ ಊರಲ್ಲಿ ನಿಮ್ಮ ಯಾಟ್ ಬಿಟ್ಟು ಉದ್ಯಾನದ ಬೋಟ್ ಹತ್ತಬೇಕು.

ಧಕ್ಕೆಗೆ, ಅಂದರೆ ದಡದ ಕಟ್ಟೆಗೆ ಬೋಟ್ ಕಟ್ಟುವಾಗ ಅಲ್ಲಿನ ಹುಡುಗ ನೀರಿಂದ ಒಂದು ಹಗ್ಗ ಎತ್ತಿ ಕೊಡುತ್ತಾನೆ. ಪಾಚಿ ಹಿಡಿದು ಜಾರುತ್ತದೆ, ಅದರ ಮೈತುಂಬ ಚೂಪು ಚಿಪ್ಪು. ನನ್ನ ಅಂಗೈ ಎರಡು ಕಡೆ ಕೊಯ್ದಿತು. ಹೊಲದ ಕೆಲಸದ ಗ್ಲೌಸ್ ಸಾಕು, ಒಂದು ಜೊತೆ ಒಯ್ಯಿರಿ. ಕಡಕ್ ರೊಟ್ಟಿ, ಶೇಂಗಾ ಚಟ್ನಿನೂ ಒಯ್ಯಿರಿ. ಕುಂದಾ ಬೇಡ, ಹಾಲಿನ ಪದಾರ್ಥ ಯೂರೋಪಿನ ಒಳಗೆ ಬಿಡಲ್ಲ.

ಖಾಲಿ ಖಾಡಿಯಲ್ಲಿ, ಬೋಯಾ ಇಲ್ಲದ, ನಿಷೇಧ ಇಲ್ಲದ ಕಡೆ ಸ್ವಂತ ಲಂಗರು ಹಾಕಿದರೆ ದುಡ್ಡಿಲ್ಲ. ಎರಡು ರಾತ್ರಿ ಹಾಗೇ ಉಳಿಸಿದೆವು. ಮೂರನೇ ರಾತ್ರಿ ಬೂರಾ ಬರುತ್ತದೆ ಅಂದ ಸ್ಕಿಪ್ಪರ್. ಗುಡ್ಡದ ಕಡೆಯಿಂದ ಒಮ್ಮೆಲೇ ನುಗ್ಗುವ ತಣ್ಣನೆ ಗಾಳಿ ಅದು. ಬೋಟಿನ ವೈರ್‌ಲೆಸ್‌ನ 17ನೇ ಚಾನೆಲ್‌ನಲ್ಲಿ ಮರೀನಾಕ್ಕೆ ಕರೆದು ಜಾಗ ಹಿಡಿದ. ರಾತ್ರಿಯಿಡೀ ಬೋಟುಗಳ ಹಾಯಿಕಂಬಗಳೆಲ್ಲ ಊಳಿಡುತ್ತಿದ್ದವು. ಬೆಳಿಗ್ಗೆ ಆಫೀಸಿನಲ್ಲಿ ದುಡ್ಡು ಕೊಡುವಾಗ ಕಾಕಾ ಚೌಕಾಸಿಗೇ ಇಳಿಯಲಿಲ್ಲ.