ಹರಿವೆ, ಸಬ್ಬಸಿಗೆ, ಹಂಸಧ್ವನಿ

ಹಾಡಿಲ್ಲದ ಸಂಗೀತ, ಐದು ನಿಮಿಷ. ಅವರು ಕೇಳಿದ್ದು ಅಷ್ಟೇ. ಮೈಸೂರಿನ ನಮ್ಮ ಬಡಾವಣೆಯ ಗಣೇಶೋತ್ಸವದಲ್ಲಿ ವೀಣೆ, ಕೊಳಲು, ಮೃದಂಗ. "ಕೇಳಿದ್ದನ್ನೇ ಎಷ್ಟು ಕೇಳೋದು ಮೇಡಂ, ನೀವೇ ಏನಾದ್ರೂ ಹೊಸದು ಮಾಡಿ" ಅಂದರು ಸಮಿತಿಯವರು. 22 ವರ್ಷದಿಂದ ವೀಣೆ ನುಡಿಸುತ್ತಿದ್ದೇನೆ, ಇದೇನು ಮಹಾ ಅಂತ ಒಪ್ಪಿಕೊಂಡೆ. ಏಳು ವಾರ ಹಿಡಿಯಿತು.

ಗಣೇಶನ ಹಬ್ಬ ಅಲ್ವಾ, ಹಂಸಧ್ವನಿ ರಾಗ ಇರಲಿ ಅಂದುಕೊಂಡೆ. ಅದೇ ಮೊದಲ ಎಡವಟ್ಟು. ರಾಗದಲ್ಲಿ ಇರೋದೇ ಐದು ಸ್ವರ: ಸ ರಿ ಗ ಪ ನಿ. ಮುತ್ತುಸ್ವಾಮಿ ದೀಕ್ಷಿತರ 'ವಾತಾಪಿ ಗಣಪತಿಂ' ಈ ಐದನ್ನೂ ಎಷ್ಟು ಚೆನ್ನಾಗಿ ಬಳಸಿಬಿಟ್ಟಿದೆ ಅಂದರೆ, ಬೆರಳು ಎಲ್ಲಿಂದ ಹೊರಟರೂ ನಾಲ್ಕನೇ ಹೆಜ್ಜೆಗೆ ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು. ಒಂದು ರಾತ್ರಿ ಕೂತು ಎರಡು ಸಾಲು ಮಾಡಿ ತುಂಬಾ ಖುಷಿಪಟ್ಟೆ. ಬೆಳಿಗ್ಗೆ ಅಮ್ಮ ಅಡುಗೆಮನೆಯಿಂದಲೇ ಅದಕ್ಕೆ 'ವಾತಾಪಿ' ಹಾಡಿಕೊಂಡು ಬಂದರು. ಆ ಎರಡು ಸಾಲೂ ಹೋಯಿತು. ಕೃತಿ ಇರೋದು ಎಂಟು ಎಣಿಕೆಯ ಆದಿತಾಳದಲ್ಲಿ. ಅದರಿಂದ ತಪ್ಪಿಸಿಕೊಳ್ಳೋಕೆ ನಾನು ಮಿಶ್ರಛಾಪು ಹಿಡಿದೆ. ತಕಿಟ ತಕದಿಮಿ, ಮೂರು ಮತ್ತು ನಾಲ್ಕು, ಒಟ್ಟು ಏಳು.

ನಿಜವಾದ ಕಷ್ಟ ಶುರುವಾಗಿದ್ದು ಇಲ್ಲಿಂದ. ನಮ್ಮ ಕಚೇರಿಗಳಲ್ಲಿ ವೀಣೆಯಾಗಲಿ ಪಿಟೀಲಾಗಲಿ ನುಡಿಸೋದು ಹೆಚ್ಚಾಗಿ ಹಾಡುಗಳನ್ನೇ. ಸಾಹಿತ್ಯ ಬಾಯಿಗೆ ಬರದೆ ಪಾಠ ಮುಂದಕ್ಕೆ ಹೋಗುತ್ತಿರಲಿಲ್ಲ ನಮಗೆ. ಯಾಕೆಂದರೆ ಮೀಟು ಬೀಳೋದು ಅಕ್ಷರದ ಮೇಲೆ. 'ವಾ' ಅಂದಾಗ ಒಂದು ಮೀಟು, 'ತಾ' ಅಂದಾಗ ಇನ್ನೊಂದು. ನಡುವೆ ಎಳೆಯೋದೆಲ್ಲ ಎಡಗೈ ಕೆಲಸ. ಈಗ ಅಕ್ಷರವೇ ಇಲ್ಲ. ಎಲ್ಲಿ ಮೀಟಲಿ? ಪ್ರತಿ ಸ್ವರಕ್ಕೂ ಮೀಟಿದರೆ ಟೈಪ್‌ರೈಟರ್ ಥರ ಕೇಳುತ್ತೆ. ಬಿಟ್ಟುಬಿಟ್ಟು ಮೀಟಿದರೆ, ಯಾಕೆ ಅಲ್ಲೇ ಬಿಟ್ಟೆ ಅನ್ನೋದಕ್ಕೆ ನನ್ನಲ್ಲೇ ಉತ್ತರ ಇಲ್ಲ. ಸಾಲು ಎಲ್ಲಿ ಮುಗಿಯಬೇಕು ಅಂತಲೂ ಗೊತ್ತಾಗುತ್ತಿರಲಿಲ್ಲ. ನಮ್ಮೂರಿನ ವೀಣೆ ಶೇಷಣ್ಣನವರು (1852–1926) ತಿಲ್ಲಾನಗಳನ್ನು ರಚಿಸಿದ್ದಾರೆ. ಆದರೆ ತಿಲ್ಲಾನದಲ್ಲೂ 'ಧೀಂ ತನ' ಥರದ ಜತಿ ಇರುತ್ತಲ್ಲ, ನಾಲಿಗೆಗೆ ಹಿಡಿದುಕೊಳ್ಳೋಕೆ ಏನೋ ಒಂದು.

ಮೂರನೇ ವಾರ ಸೊಪ್ಪಿನವರು ಕಾಪಾಡಿದರು. ನಮ್ಮ ಬೀದಿಗೆ ಬೆಳಿಗ್ಗೆ ಏಳಕ್ಕೆ ಬರುತ್ತಾರೆ. "ಹರಿವೇ... ಸಬ್ಬಸಿಗೇ..." ಕೈಯಲ್ಲಿ ಕಾಫಿ ಲೋಟ ಇತ್ತು, ಬೆರಳು ತಾನಾಗಿ ಲೋಟದ ಮೇಲೆ ತಾಳ ಹಾಕಿತು. ಹ-ರಿ-ವೆ, ಸಬ್-ಬ-ಸಿ-ಗೆ. ಮೂರು, ನಾಲ್ಕು! ಗ ರಿ ಗ, ಪ ನಿ ಪ ಗ. 'ಹ' ಮೇಲೆ ಒಂದು ಮೀಟು, 'ಸಬ್' ಮೇಲೆ ಸ್ವಲ್ಪ ಜೋರಾಗಿ ಇನ್ನೊಂದು. ಅದೇ ಪಲ್ಲವಿ ಆಯಿತು. ಎರಡನೇ ಸಾಲಿಗೆ ದಂಟು, ಮೆಂತ್ಯ ಎಲ್ಲ ಸೇರಿಸಿ ನೋಡಿದೆ. ಮೆಂತ್ಯ ಕೂರಲಿಲ್ಲ.

ಆಮೇಲೆ ಕೊಳಲಿನ ಹುಡುಗ ಬಂದ. ಅವನ ಹತ್ತಿರ ಇದ್ದ ಕೊಳಲು ಹಾರ್ಮೋನಿಯಂನ ಐದನೇ ಬಿಳಿ ಮನೆಯ ಶ್ರುತಿಯದು. ನನ್ನ ವೀಣೆ ಮೂರನೆಯದು. ವೀಣೆಯನ್ನು ಅಷ್ಟು ಮೇಲಕ್ಕೆ ಏರಿಸಿದರೆ ತಂತಿ ಪಟ್ ಅನ್ನುತ್ತೆ. ಕೊನೆಗೆ ಅವನೇ ಯಾರಿಂದಲೋ ದೊಡ್ಡ ಕೊಳಲು ಎರವಲು ತಂದ. ಅದಕ್ಕೆ ಬೆರಳು ಅಗಲಿಸಬೇಕು, ಗಾಳಿಯೂ ಜಾಸ್ತಿ ಬೇಕು. ನಾನು ಬರೆದ ನಾಲ್ಕು ಆವರ್ತದ, ಅಂದರೆ ತಾಳ ನಾಲ್ಕು ಸುತ್ತು ಬರುವಷ್ಟು ಉದ್ದದ ಸಾಲು ನೋಡಿ, "ಅಕ್ಕಾ, ಇದರಲ್ಲಿ ಉಸಿರು ಎಲ್ಲಿ ತಗೊಳ್ಲಿ?" ಅಂದ. ವೀಣೆಯವಳಿಗೆ ಉಸಿರಿನ ಯೋಚನೆ ಎಲ್ಲಿಂದ ಬರಬೇಕು! ಹಾಡಿದ್ದರೆ ಪದಗಳ ನಡುವೆ ತಾನಾಗಿ ಜಾಗ ಸಿಗುತ್ತಿತ್ತು.

ಇನ್ನೊಂದು ಕಡೆ ವೀಣೆಯ ಕಷ್ಟ. ನಿಧಾನದ ಭಾಗದಲ್ಲಿ ಒಂದು ನಿಷಾದವನ್ನು, ಅಂದರೆ 'ನಿ' ಸ್ವರವನ್ನು, ಇಡೀ ಆವರ್ತ ನಿಲ್ಲಿಸೋಣ ಅಂತ ಬರೆದಿದ್ದೆ. ಕೊಳಲಿನಲ್ಲಿ ಅದು ನಿಂತಿತು, ವೀಣೆಯಲ್ಲಿ ಐದನೇ ಎಣಿಕೆಗೆ ನಾದ ಸತ್ತಿತು. ಮತ್ತೆ ಮೀಟಿ ನೋಡಿದೆ, ಬಾಗಿಲು ತಟ್ಟಿದ ಹಾಗಿತ್ತು. ಆಗ ಆ ಹುಡುಗ ಸುಮ್ನೆ ತಮಾಷೆಗೆ, ನನ್ನ ನಾದ ಕುಗ್ಗುವ ಜಾಗಕ್ಕೆ ಸರಿಯಾಗಿ ಸಣ್ಣಗೆ ಉಸಿರು ಬಿಟ್ಟು ಅದೇ ನಿಷಾದ ಹಿಡಿದ. ವೀಣೆ ಎಲ್ಲಿ ಮುಗಿಯಿತು, ಕೊಳಲು ಎಲ್ಲಿ ಶುರುವಾಯಿತು ಅಂತ ನನಗೇ ತಿಳಿಯಲಿಲ್ಲ. ಇಡೀ ತುಣುಕಿನಲ್ಲಿ ನನಗೆ ಇಷ್ಟವಾದ ಜಾಗ ಅದೊಂದೇ. ಅದು ನಾನು ಬರೆದದ್ದಲ್ಲ.

ಸ್ವರ ಬರೆದುಕೊಟ್ಟರೆ ಸಾಲದು, ಗಮಕ, ಅಂದರೆ ಸ್ವರದ ಓಲಾಟ, ಹಾಳೆಗೆ ಇಳಿಯೋದಿಲ್ಲ. ದಿನಾ ವಾಟ್ಸಾಪ್‌ನಲ್ಲಿ ಹಾಡಿ ಕಳಿಸುತ್ತಿದ್ದೆ. ಹಾಡುವಾಗ ಬಾಯಿಗೆ ಬರುತ್ತಿದ್ದುದು ಹರಿವೆ, ಸಬ್ಬಸಿಗೆಯೇ. ಹಾಗಾಗಿ ಅವನೂ, ಮೃದಂಗದವನೂ ಕಲಿತದ್ದು ಸೊಪ್ಪಿನ ಸಮೇತ.

ಹಬ್ಬದ ದಿನ ಚೆನ್ನಾಗಿಯೇ ಆಯಿತು. ಮೈಕು ಮಾತ್ರ ಎರಡು ಸಲ ಕಿರುಚಿತು. ಇಳಿದು ಬಂದಾಗ ಮುಂದಿನ ಸಾಲಿನ ಹಿರಿಯರೊಬ್ಬರು ಕೈಹಿಡಿದು, "ಬಹಳ ಚೆನ್ನಾಗಿತ್ತಮ್ಮ. ಯಾವ ದೇವರ ಮೇಲಿನ ಕೃತಿ ಇದು?" ಅಂದರು.

ಕೊಳಲಿನ ಹುಡುಗ ನನ್ನ ಮುಖ ನೋಡಿದ.

"ಗಣಪತಿ ಮೇಲೆ ಸರ್" ಅಂದೆ.

"ಅದೇ ಅಂದುಕೊಂಡೆ. ಸಾಹಿತ್ಯ ಎಷ್ಟು ಸ್ಪಷ್ಟವಾಗಿ ಕೇಳಿಸ್ತು!" ಅಂದು ಪ್ರಸಾದದ ಸಾಲಿಗೆ ಹೋದರು.