11ರ ಮೇಲೆ ಹೋಗದ ಕಾಪಿ

ಮದುವೆ ಸೀಸನ್ ಶುರುವಾದರೆ ದಾವಣಗೆರೆಯಲ್ಲಿ ಆಲ್ಬಂ ಮಾಡುವವರಿಗೆ ಉಸಿರಾಡಲೂ ಪುರುಸೊತ್ತು ಇರುವುದಿಲ್ಲ. ಹೋದ ಸೀಸನ್‌ನಲ್ಲಿ ಅಶೋಕ ರಸ್ತೆ ಹತ್ತಿರದ ಅಂಥದ್ದೊಂದು ಆಫೀಸ್‌ನಿಂದ, ಕಂಪ್ಯೂಟರ್-ನೆಟ್‌ವರ್ಕ್ ರಿಪೇರಿ ಮಾಡುವ ನನಗೆ ಫೋನ್ ಬಂತು. ಕೆಳಗೆ ಮಾಲೀಕರ ಕೋಣೆ, ಅಲ್ಲೇ ಎಲ್ಲರ ಫೈಲ್ ಇಡುವ ಸರ್ವರ್ ಕಂಪ್ಯೂಟರ್. ಮೇಲಿನ ಮಹಡಿಯಲ್ಲಿ ಐದು ಜನ ಡಿಸೈನರ್‌ಗಳು.

"ತಮ್ಮಾ, ಒಂದು ಮದುವೆ ಫೋಲ್ಡರ್ ಮೇಲೆ ಹೋಗಾಕೆ ಒಂದೂವರೆ ತಾಸು ಹಿಡೀತೈತಿ. ಹೊಸ ಸರ್ವರ್ ತಗೋಬೇಕಾ?" ಅಂದರು ಮಾಲೀಕರು. ಫೋಟೊ, ವಿಡಿಯೊ ಎಲ್ಲ ಸೇರಿ ಒಂದು ಮದುವೆಗೆ 60 ಜಿಬಿ.

ಹೋಗಿ ನೋಡಿದೆ. ಸರ್ವರ್‌ನಲ್ಲಿ ಹಳೆಯ ಹಾರ್ಡ್ ಡಿಸ್ಕ್ ಇತ್ತು. ಇದೇ ಕಾರಣ ಅಂತ ನನಗೆ ಅನ್ನಿಸಿಬಿಟ್ಟಿತು. ಅದಕ್ಕಿಂತ ವೇಗದ ಡಿಸ್ಕ್, ಎಸ್‌ಎಸ್‌ಡಿ ತರಿಸಿ ಹಾಕಿದೆ. ಸರ್ವರ್ ಒಳಗೇ ಒಂದು ಫೋಲ್ಡರ್‌ನಿಂದ ಇನ್ನೊಂದಕ್ಕೆ ಕಾಪಿ ಮಾಡಿ ತೋರಿಸಿದೆ. ಬಹಳ ಬೇಗ ಆಯಿತು. ಅವರೂ ಖುಷಿ, ನಾನೂ ಖುಷಿ. ಮರುದಿನ ಬೆಳಿಗ್ಗೆ ಮತ್ತೆ ಫೋನ್: ಏನೂ ಬದಲಾಗಿಲ್ಲ.

ನಾನು ಮಾಡಿದ ತಪ್ಪು ಅದೇ. ಅವರ ತೊಂದರೆ ಇದ್ದದ್ದು ಕೆಳಗಿನಿಂದ ಮೇಲಕ್ಕೆ ಕಳಿಸುವಾಗ. ನಾನು ಪರೀಕ್ಷೆ ಮಾಡಿದ್ದು ಸರ್ವರ್ ಒಳಗೆ. ಇನ್ನೊಬ್ಬರ ದುಡ್ಡು ಖರ್ಚು ಮಾಡಿಸುವ ಮೊದಲು ಹೀಗೆ ಅವಸರ ಮಾಡಬಾರದಿತ್ತು. ಇವತ್ತಿಗೂ ಬೇಜಾರಾಗುತ್ತದೆ.

ಎರಡನೇ ಸಲ ಹೋದಾಗ ಮೊದಲು ಮೇಲೆ ಹೋಗಿ, ಅಲ್ಲಿ ಜಾಸ್ತಿ ವರ್ಷದಿಂದ ಕೆಲಸ ಮಾಡುತ್ತಿದ್ದ ಅಕ್ಕನ ಪಕ್ಕ ಕೂತೆ. "ಕಾಪಿ ಆಗುವಾಗ ಸೆಕೆಂಡಿಗೆ ಎಷ್ಟು ಎಂಬಿ ತೋರಿಸುತ್ತೆ ಅಕ್ಕಾ?" ಅಂತ ಕೇಳಿದೆ. "ಬೆಳಿಗ್ಗೆ ನಾನೊಬ್ಬಳೇ ಇದ್ದಾಗ 11. ಯಾವತ್ತೂ 12 ಆಗಿಲ್ಲ. ಎಲ್ಲರೂ ಬಂದಮೇಲೆ 3, 2 ಹಿಂಗೆ ಬರ್ತದೆ" ಅಂದರು. ಅರ್ಧ ಉತ್ತರ ಅಲ್ಲೇ ಇತ್ತು. ಮೊದಲ ದಿನ ಅವರನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಈ 11 ಎಲ್ಲಿಂದ ಬಂತು ನೋಡಿ. ನೆಟ್‌ವರ್ಕ್ ಸ್ಪೀಡ್ ಲೆಕ್ಕ ಬಿಟ್‌ನಲ್ಲಿ, ಪರದೆಯ ಮೇಲಿನ ಕಾಪಿ ಕಿಟಕಿ ತೋರಿಸುವುದು ಬೈಟ್‌ನಲ್ಲಿ. 8 ಬಿಟ್ ಸೇರಿದರೆ 1 ಬೈಟ್. 100 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 100 ಮೆಗಾಬಿಟ್ ಲೈನ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್ (ಎಂಬಿ). ಫೈಲ್ ಜೊತೆ ಹೋಗಿಬರುವ ವಿಳಾಸ, ಲೆಕ್ಕಪತ್ರಕ್ಕೇ ಒಂದಿಷ್ಟು ಖರ್ಚಾಗಿ ಕೈಗೆ ಸಿಗುವುದು 11 ಚಿಲ್ಲರೆ. ಗಿಗಾಬಿಟ್, ಅಂದರೆ 1000 ಎಂಬಿಪಿಎಸ್ ಆದರೆ 110ರ ಆಸುಪಾಸು. ಡಿಸ್ಕ್ ಸೋತಿದ್ದರೆ ಸಂಖ್ಯೆ ಏರುತ್ತಾ ಇಳಿಯುತ್ತಾ ಇರುತ್ತದೆ. ಇಲ್ಲಿ 11ಕ್ಕೆ ಗೆರೆ ಎಳೆದ ಹಾಗೆ ನಿಂತಿತ್ತು. ಒಬ್ಬರಿಗೆ 11, ನಾಲ್ಕು ಜನಕ್ಕೆ ಹಂಚಿದರೆ 3ಕ್ಕೂ ಕಡಿಮೆ. ಅಂದರೆ ಎಲ್ಲರೂ ದಾಟುವ ಒಂದು ಜಾಗ 100ರಲ್ಲಿ ಓಡುತ್ತಿದೆ.

ಐದೂ ಕಂಪ್ಯೂಟರ್‌ಗಳ ಲಿಂಕ್ ಸ್ಪೀಡ್, ಅಂದರೆ ಕೇಬಲ್ ಯಾವ ವೇಗಕ್ಕೆ ಕೂಡಿಕೊಂಡಿದೆ ಅಂತ ನೋಡಿದೆ. ಎಲ್ಲದರಲ್ಲೂ 1000 ಅಂತಲೇ ಇತ್ತು. ಇಲ್ಲೇ ಬಹಳ ಜನ ಮೋಸ ಹೋಗುವುದು. ಆ 1000 ಹೇಳುವುದು ಕಂಪ್ಯೂಟರ್‌ನಿಂದ ಪಕ್ಕದ ಸ್ವಿಚ್‌ವರೆಗಿನ, ಅಂದರೆ ನೆಟ್‌ವರ್ಕ್ ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆವರೆಗಿನ ಮಾತು ಮಾತ್ರ. ಮೇಲಿನ ಸ್ವಿಚ್‌ನಿಂದ ಕೆಳಗಿನ ಸ್ವಿಚ್‌ಗೆ ಹೋಗುವ ಒಂದೇ ಒಂದು ಕೇಬಲ್ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ಕೆಳಗೆ ಬಂದು ಆ ಕೇಬಲ್ ಬಿಚ್ಚಿ ನನ್ನ ಲ್ಯಾಪ್‌ಟಾಪ್‌ಗೆ ಹಾಕಿದೆ. 100 ಬಂತು.

ಗ್ಯಾರಂಟಿ ಮಾಡಿಕೊಳ್ಳಲು ಐಪರ್ಫ್ ಎಂಬ ಸಾಫ್ಟ್‌ವೇರ್ ಓಡಿಸಿದೆ. ಅದು ಡಿಸ್ಕ್ ಮುಟ್ಟದೆ ಬರೀ ನೆಟ್‌ವರ್ಕ್ ಅಳೆಯುತ್ತದೆ. 94 ಎಂಬಿಪಿಎಸ್. ನನ್ನ ಹತ್ತಿರವಿದ್ದ ಉದ್ದನೆಯ ಕೇಬಲ್ ಅನ್ನು ಮೆಟ್ಟಿಲ ಮೇಲೆ ಹಾಗೇ ಎಳೆದು ಎರಡೂ ಸ್ವಿಚ್ ಜೋಡಿಸಿ ಮತ್ತೆ ಓಡಿಸಿದೆ. 940. ಅಕ್ಕನ ಕಾಪಿ ಕಿಟಕಿಯಲ್ಲಿ 110 ಕಂಡಾಗ ಉಳಿದ ನಾಲ್ಕೂ ಜನ ಎದ್ದು ಬಂದು ನೋಡಿದರು.

ಹಳೆಯ ಕೇಬಲ್‌ಗೆ, ಒಳಗಿನ ಎಂಟು ವೈರ್‌ಗೂ ಒಂದೊಂದು ದೀಪ ಇರುವ ಟೆಸ್ಟರ್ ಹಾಕಿದರೆ 8ನೇ ದೀಪ ಹತ್ತಲಿಲ್ಲ. ಕಂದು ಬಣ್ಣದ ವೈರ್. 100ಕ್ಕೆ 1, 2, 3, 6 ಈ ನಾಲ್ಕು ವೈರ್ ಸಾಕು. ಗಿಗಾಬಿಟ್‌ಗೆ ಎಂಟೂ ಬೇಕು. ಅದಕ್ಕೇ ಲೈನ್ ಕಟ್ ಆಗಲಿಲ್ಲ, ಸುಮ್ನೆ 100ಕ್ಕೆ ಇಳಿದು ಓಡುತ್ತಿತ್ತು. ಅವರ ಇಂಟರ್ನೆಟ್ ಪ್ಲಾನ್ ಕೂಡ 100 ಎಂಬಿಪಿಎಸ್. ಸ್ಪೀಡ್ ಟೆಸ್ಟ್‌ನಲ್ಲಿ 90ರ ಮೇಲೆ ಬರುತ್ತಿದ್ದರಿಂದ ನೆಟ್‌ವರ್ಕ್ ಚೆನ್ನಾಗಿದೆ ಅಂತಲೇ ಎಲ್ಲರೂ ನಂಬಿದ್ದರು. ಎರಡೂ ತುದಿಗೆ ಹೊಸ ಕನೆಕ್ಟರ್ ಒತ್ತಿ ಕೂರಿಸಿದರೂ ದೀಪ ಹತ್ತಲಿಲ್ಲ. ಹುಡುಕುತ್ತಾ ಹೋದರೆ, ಕೇಬಲ್ ಕಿಟಕಿ ಸಂದಿಯಿಂದ ಒಳಗೆ ಬರುವ ಕಡೆ ಕಬ್ಬಿಣದ ಬಾಗಿಲು ದಿನಾ ಅದನ್ನು ಅಮುಕುತ್ತಿತ್ತು. ಒಳಗೆ ವೈರ್ ತುಂಡಾಗಿತ್ತು.

ಆ ವೈರ್ ಅನ್ನು ಬ್ಲೇಡ್‌ನಿಂದ ಕೆರೆದು ನೋಡಿದೆ. ಮೇಲೆ ತಾಮ್ರದ ಬಣ್ಣ, ಒಳಗೆ ಬಿಳಿ. ಅಲ್ಯೂಮಿನಿಯಂಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಕೇಬಲ್. ಮಡಚಿದರೆ, ಅಮುಕಿದರೆ ಇದು ಬೇಗ ಮುರಿಯುತ್ತದೆ. ದಯವಿಟ್ಟು ಗೋಡೆಯೊಳಗೆ, ಮಹಡಿಯಿಂದ ಮಹಡಿಗೆ ಎಳೆಯುವ ಕಡೆ ಇದನ್ನು ಹಾಕಬೇಡಿ. ಅಚ್ಚ ತಾಮ್ರದ್ದೇ ಕೇಳಿ ತಗೊಳ್ಳಿ, ಅಂಗಡಿಯಲ್ಲೇ ಒಂದು ತುದಿ ಕೆರೆದು ನೋಡಿ. ನಾನು ತಾಮ್ರದ ಕ್ಯಾಟ್-6 ನೆಟ್‌ವರ್ಕ್ ಕೇಬಲ್ ತಂದು, ಕಿಟಕಿ ಬಿಟ್ಟು ಗೋಡೆಯಲ್ಲಿ ತೂತು ಕೊರೆದು ಪೈಪ್ ಒಳಗೆ ಎಳೆದೆ.

ಒಂದು ಮಾತು ಅವರಿಗೆ ಮೊದಲೇ ಹೇಳಿದೆ. ದೊಡ್ಡ ವಿಡಿಯೊ 110ರಲ್ಲಿ ಹೋಗುತ್ತದೆ, ಸಾವಿರಾರು ಚಿಕ್ಕ ಫೋಟೊ ಇರುವ ಫೋಲ್ಡರ್ ಅಷ್ಟು ವೇಗದಲ್ಲಿ ಹೋಗುವುದಿಲ್ಲ. ಒಂದೊಂದು ಫೈಲ್ ತೆರೆದು ಮುಚ್ಚುವುದಕ್ಕೂ ಸರ್ವರ್ ಜೊತೆ ಮಾತುಕತೆ ನಡೆಯಬೇಕು ಅಲ್ವಾ. ಇದನ್ನು ಹೇಳದಿದ್ದರೆ ಮರುದಿನ ಮತ್ತೆ ಅದೇ ಚಿಂತೆ ಶುರುವಾಗುತ್ತಿತ್ತು.

ಸಂಜೆ ಮಾಲೀಕರು ಬೆಣ್ಣೆ ದೋಸೆ ತರಿಸಿದರು. ನಾನು ಎರಡನೇ ದಿನದ ಕೂಲಿ ತೆಗೆದುಕೊಳ್ಳಲಿಲ್ಲ. ಮೇಲಿನ ಐದು ಕಂಪ್ಯೂಟರ್‌ಗಳಲ್ಲಿ ಅಕ್ಕನದೇ ಹಳೆಯದು. ತೊಂದರೆ ಡಿಸ್ಕ್‌ನದ್ದಾಗಿರಲಿಲ್ಲವಲ್ಲ, ಹಳೆಯ ಹಾರ್ಡ್ ಡಿಸ್ಕ್ ಅನ್ನು ಸರ್ವರ್‌ಗೇ ವಾಪಸ್ ಹಾಕಿ, ಆ ಎಸ್‌ಎಸ್‌ಡಿ ಅಕ್ಕನ ಕಂಪ್ಯೂಟರ್‌ಗೆ ಜೋಡಿಸಿ ಬಂದೆ.