ಮೀನಿನ ಮೈಮೇಲೆ ಬಿಳಿ ಚುಕ್ಕೆ ಬಂದಾಗ ಟ್ಯಾಂಕಿಗೆ ಯಾವ ಔಷಧ ಹಾಕಬೇಕು?

ಉಪ್ಪುನೀರಿನ ಅಕ್ವೇರಿಯಂ ಇಟ್ಟುಕೊಂಡವರು ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು: "ಟ್ಯಾಂಗ್ ಮೀನಿನ ಮೈಮೇಲೆ ಉಪ್ಪಿನ ಹರಳು ಉದುರಿಸಿದ ಹಾಗೆ ಬಿಳಿ ಚುಕ್ಕೆಗಳು ಎದ್ದಿವೆ. ಟ್ಯಾಂಕಿನಲ್ಲಿ ಹವಳಗಳಿವೆ, ಸಿಗಡಿಗಳಿವೆ. ಅವಕ್ಕೆ ತೊಂದರೆಯಾಗದ ಹಾಗೆ ಯಾವ ಔಷಧ ಹಾಕಲಿ?" ಎಷ್ಟೋ ತಿಂಗಳು ಜೋಪಾನ ಮಾಡಿದ ಮೀನು ಕಣ್ಣೆದುರೇ ಕಲ್ಲಿಗೆ ಮೈ ಉಜ್ಜಿಕೊಳ್ಳುವುದನ್ನು ನೋಡುತ್ತ ನಿಲ್ಲುವುದು ಸುಲಭವಲ್ಲ, ಆ ಆತಂಕ ನನಗೆ ಅರ್ಥವಾಗುತ್ತದೆ. ಆದರೂ ನನ್ನ ಉತ್ತರ ಬದಲಾಗುವುದಿಲ್ಲ. ಆ ಟ್ಯಾಂಕಿಗೆ ಏನನ್ನೂ ಹಾಕಬೇಡಿ. ಚುಕ್ಕೆ ಇರುವ ಮೀನನ್ನಷ್ಟೇ ಅಲ್ಲ, ಇರುವ ಎಲ್ಲ ಮೀನುಗಳನ್ನೂ ಹೊರತೆಗೆದು ಬೇರೊಂದು ಟ್ಯಾಂಕಿನಲ್ಲಿ ಚಿಕಿತ್ಸೆ ಕೊಡಿ. ಮುಖ್ಯ ಟ್ಯಾಂಕನ್ನು ಒಂದೂ ಮೀನಿಲ್ಲದೆ ಹನ್ನೊಂದು ವಾರ ಹಾಗೇ ಬಿಡಿ.

ಇದನ್ನು ಕೇಳಿ ಹೆಚ್ಚಿನವರು ನಿರಾಶರಾಗುತ್ತಾರೆ. ಇಷ್ಟು ಕಠಿಣವಾಗಿ ಏಕೆ ಹೇಳುತ್ತೇನೆ ಎಂಬುದು ತಿಳಿಯಬೇಕಾದರೆ ಆ ಚುಕ್ಕೆ ಏನು ಎಂಬುದು ಗೊತ್ತಿರಬೇಕು. ಚುಕ್ಕೆಯ ಒಳಗಿರುವುದು ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್ ಎಂಬ ಏಕಕೋಶ ಜೀವಿ. ಅದು ಮೀನಿನ ಚರ್ಮದ ಮೇಲೆ ಕೂತಿರುವುದಿಲ್ಲ, ಮೇಲ್ಪದರವನ್ನು ಕೊರೆದು ಅದರ ಅಡಿಯಲ್ಲಿ ಸೇರಿಕೊಂಡಿರುತ್ತದೆ. ಮೂರರಿಂದ ಏಳು ದಿನ ಅಲ್ಲಿಯೇ ಮೀನಿನ ಜೀವಕೋಶಗಳನ್ನೂ ದ್ರವವನ್ನೂ ತಿಂದು ಬೆಳೆದು, ಆಮೇಲೆ ತಾನಾಗಿ ಹೊರಬಿದ್ದು, ಕೆಲವು ಗಂಟೆಗಳ ಕಾಲ ತಳದಲ್ಲಿ ತೆವಳಿ, ಕಲ್ಲಿಗೋ ಮರಳಿಗೋ ಗಾಜಿಗೋ ಅಂಟಿಕೊಂಡು ಸುತ್ತ ಗಟ್ಟಿಯಾದ ಕೋಶ ಕಟ್ಟಿಕೊಳ್ಳುತ್ತದೆ. ಆ ಕೋಶದೊಳಗೆ ಒಂದು ಜೀವಿ ಒಡೆದೊಡೆದು ನೂರಾರು ಮರಿಗಳಾಗುತ್ತವೆ. ಕೋಶ ಬಿರಿದು ಹೊರಬರುವ ಈ ಮರಿಗಳು ಒಂದೆರಡು ದಿನಗಳೊಳಗೆ ಮೀನೊಂದನ್ನು ಹಿಡಿಯಲೇಬೇಕು, ಇಲ್ಲದಿದ್ದರೆ ಸಾಯುತ್ತವೆ. ಅವು ಹೆಚ್ಚಾಗಿ ಹೊರಬರುವುದು ಕತ್ತಲಲ್ಲಿ, ಅಂದರೆ ಮೀನುಗಳು ಕಲ್ಲಿನ ಸಂದಿಗಳಲ್ಲಿ ಅಲುಗಾಡದೆ ಮಲಗಿರುವ ಹೊತ್ತಿನಲ್ಲಿ.

ಈಗ ಔಷಧದ ವಿಷಯಕ್ಕೆ ಬರೋಣ. ಚರ್ಮದ ಅಡಿಯಲ್ಲಿರುವಾಗ ನೀರಿನ ಔಷಧ ಆ ಜೀವಿಗೆ ತಗಲುವುದಿಲ್ಲ. ಕೋಶದೊಳಗಿರುವಾಗಲೂ ತಗಲುವುದಿಲ್ಲ. ತಾಮ್ರವಾಗಲಿ ಮತ್ತೊಂದಾಗಲಿ ಕೊಲ್ಲುವುದು ಮೀನನ್ನು ಹುಡುಕಿಕೊಂಡು ನೀರಿನಲ್ಲಿ ಈಜುತ್ತಿರುವ ಮರಿಯನ್ನು ಮಾತ್ರ. ಮರಿಯನ್ನು ಕೊಲ್ಲುವಷ್ಟು ತೀಕ್ಷ್ಣವಾದ ಔಷಧ ಸಿಗಡಿ, ಬಸವನಹುಳು, ಹವಳಗಳನ್ನು ಬಿಡುವುದಿಲ್ಲ. ಅವುಗಳಿಗೆ ಏನೂ ಆಗದಷ್ಟು ಸೌಮ್ಯವಾದದ್ದು ಮರಿಯನ್ನೂ ಕೊಲ್ಲುವುದಿಲ್ಲ. ಹವಳಕ್ಕೆ ಸುರಕ್ಷಿತ ಎಂಬ ಚೀಟಿ ಹಚ್ಚಿ ಮಾರುವ ದ್ರಾವಣಗಳನ್ನೂ, ಬೆಳ್ಳುಳ್ಳಿ ರಸವನ್ನೂ ನಾನು ಯಾರಿಗೂ ಸೂಚಿಸದಿರುವುದಕ್ಕೆ ಇದೇ ಕಾರಣ.

"ಆದರೆ ಅದನ್ನು ಹಾಕಿದ ನಾಲ್ಕೇ ದಿನಕ್ಕೆ ಚುಕ್ಕೆಗಳು ಹೋದವಲ್ಲ?" ಎಂದು ಮರುಪ್ರಶ್ನೆ ಬರುತ್ತದೆ. ಹೋಗಿಯೇ ಹೋಗುತ್ತವೆ, ಏನೂ ಹಾಕದಿದ್ದರೂ ಹೋಗುತ್ತವೆ. ತಿಂದು ಬೆಳೆದ ಜೀವಿ ಮೀನನ್ನು ಬಿಟ್ಟು ಕೋಶ ಕಟ್ಟಲು ತಳಕ್ಕಿಳಿದಿದೆ ಎಂಬುದಷ್ಟೇ ಅದರ ಅರ್ಥ. ಒಂದೆರಡು ವಾರಗಳ ನಂತರ ಅದೇ ಮೀನಿನ ಮೇಲೆ ಹತ್ತು ಚುಕ್ಕೆಗಳ ಜಾಗದಲ್ಲಿ ನೂರು ಚುಕ್ಕೆಗಳು ಬರಬಹುದು. ಮೀನು ಗಟ್ಟಿಯಾಗಿದ್ದು ಒಂದೆರಡು ಸುತ್ತು ತಾಳಿಕೊಂಡರೆ ಅದಕ್ಕೆ ಕೆಲವು ತಿಂಗಳ ಮಟ್ಟಿಗೆ ಭಾಗಶಃ ರೋಗನಿರೋಧಕ ಶಕ್ತಿ ಬರುವುದೂ ಉಂಟು. ಆಗ ಚುಕ್ಕೆಗಳು ಕಣ್ಣಿಗೆ ಬೀಳುವುದಿಲ್ಲ, ಆದರೆ ಕಿವಿರಿನೊಳಗೆ ನಾಲ್ಕಾರು ಜೀವಿಗಳು ಉಳಿದು ಚಕ್ರ ಮುಂದುವರಿಯುತ್ತಿರುತ್ತದೆ. ವಾಸಿಯಾಯಿತೆಂದು ನಂಬಿ ಹೊಸ ಮೀನು ತಂದು ಬಿಟ್ಟ ದಿನ ರೋಗ ಮತ್ತೆ ಹೊರಬೀಳುತ್ತದೆ. ಮೀನಿನ ಮೈ ಸ್ವಚ್ಛ ಮಾಡುವ ಸಿಗಡಿಯಾಗಲಿ ನೀರು ಹಾಯಿಸುವ ಯುವಿ (ನೇರಳಾತೀತ) ದೀಪವಾಗಲಿ ಈ ಚಕ್ರವನ್ನು ಕಡಿಯಲಾರವು. ಯುವಿ ತನ್ನ ಮೂಲಕ ಹರಿದುಹೋದ ಮರಿಗಳನ್ನು ಮಾತ್ರ ಕೊಲ್ಲುತ್ತದೆ.

ಚಿಕಿತ್ಸೆಗೆ ಮೊದಲು ರೋಗ ಯಾವುದೆಂದು ಗುರುತಿಸುವುದು ಮುಖ್ಯ, ಏಕೆಂದರೆ ಎಲ್ಲ ಪರಾವಲಂಬಿಗಳೂ ಒಂದೇ ಔಷಧಕ್ಕೆ ಬಗ್ಗುವುದಿಲ್ಲ. ಅವುಗಳಲ್ಲಿ ನನಗೆ ಅತ್ಯಂತ ಭಯ ಹುಟ್ಟಿಸುವುದು ವೆಲ್ವೆಟ್, ಅಂದರೆ ಅಮೈಲೂಡಿನಿಯಂ. ಅದು ಮೊದಲು ಕಿವಿರನ್ನು ಹಿಡಿಯುವುದರಿಂದ ಮೈಮೇಲೆ ಏನೂ ಕಾಣದೆಯೇ ಮೀನು ಸಾಯಬಹುದು. ಮೀನು ಏದುಸಿರು ಬಿಡುತ್ತದೆ, ಬೆಳಕಿನಿಂದ ದೂರ ಸರಿಯುತ್ತದೆ, ಪಂಪಿನಿಂದ ನೀರು ನುಗ್ಗುವ ಜಾಗಕ್ಕೆ ಮುಖಕೊಟ್ಟು ನಿಂತುಬಿಡುತ್ತದೆ, ಆಹಾರ ಬಿಡುತ್ತದೆ. ಕತ್ತಲೆಯ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ನೋಡಿದರೆ ಚರ್ಮದ ಮೇಲೆ ಎಣಿಸಲಾಗದಷ್ಟು ಸಣ್ಣ, ಹೊಂಬಣ್ಣದ ಪುಡಿ ಕಾಣಿಸೀತು. ಕ್ರಿಪ್ಟೋಕ್ಯಾರಿಯಾನ್ ಚುಕ್ಕೆಗಳನ್ನು ಎಣಿಸಬಹುದು, ಇವನ್ನು ಎಣಿಸಲಾಗದು. ಬರಿಗಣ್ಣಿಗೆ ಸಿಗುವ ವ್ಯತ್ಯಾಸ ಇದು. ವೆಲ್ವೆಟ್ ಇರಬಹುದೆಂಬ ಅನುಮಾನ ಬಂದರೆ ಮರುದಿನದವರೆಗೆ ಕಾಯಬಾರದು, ಏಕೆಂದರೆ ಇಡೀ ಟ್ಯಾಂಕಿನ ಮೀನುಗಳು ಕೆಲವೇ ದಿನಗಳಲ್ಲಿ ಸಾಯುವುದುಂಟು.

ಮೈಯಿಂದ ಲೋಳೆ ಪದರ ಪದರವಾಗಿ ಕಳಚುತ್ತಿದ್ದರೆ, ಅದರಲ್ಲೂ ಹೊಸದಾಗಿ ತಂದ ಕ್ಲೌನ್ ಮೀನಾಗಿದ್ದರೆ, ಬ್ರೂಕ್ಲಿನೆಲ್ಲಾ ಎಂಬ ಪರಾವಲಂಬಿ ಇರಬಹುದು. ಅದು ಕೋಶ ಕಟ್ಟದೆ ಮೀನಿನ ಮೇಲೆಯೇ ಎರಡಾಗಿ ಒಡೆದು ಹೆಚ್ಚುವುದರಿಂದ ಬಹಳ ಬೇಗ ಹರಡುತ್ತದೆ, ತಾಮ್ರ ಅದಕ್ಕೆ ನಾಟುವುದಿಲ್ಲ. ಅದಕ್ಕೆ ಫಾರ್ಮಲಿನ್ (ಫಾರ್ಮಾಲ್ಡಿಹೈಡ್ ದ್ರಾವಣ) ಬೆರೆಸಿದ ನೀರಿನ ಸ್ನಾನವೇ ಹಳೆಯ, ನಂಬಬಹುದಾದ ದಾರಿ. ಫಾರ್ಮಲಿನ್ ಮನುಷ್ಯರಿಗೂ ಅಪಾಯಕಾರಿ ಮತ್ತು ಕ್ಯಾನ್ಸರ್‌ಕಾರಕ ಆದ್ದರಿಂದ ಕೈಗವಸು ಮತ್ತು ಗಾಳಿಯಾಡುವ ಜಾಗ ಎರಡೂ ಬೇಕು. ಬಾಟಲಿಯ ತಳದಲ್ಲಿ ಬಿಳಿ ಗಷ್ಟು ಕೂತಿದ್ದರೆ ಅದನ್ನು ಬಳಸಲೇಬಾರದು, ಆ ಗಷ್ಟು ಮೀನಿಗೆ ಇನ್ನೂ ಹೆಚ್ಚು ವಿಷ. ಕ್ರೋಮಿಸ್ ಮೀನುಗಳ ಪಕ್ಕೆಯಲ್ಲಿ ಕೆಂಪು ಹುಣ್ಣು ಕಾಣಿಸಿದರೆ ಅದು ಯುರೋನೀಮಾ ಎಂಬ ಮತ್ತೊಂದು ಪರಾವಲಂಬಿ ಆಗಿರುವ ಸಾಧ್ಯತೆ ಹೆಚ್ಚು. ಅದು ಮಾಂಸದೊಳಗೆ ಇಳಿದ ಮೇಲೆ ಉಳಿಸಿಕೊಳ್ಳುವುದು ಕಷ್ಟ.

ಬಿಳಿ ಚುಕ್ಕೆಗೂ ವೆಲ್ವೆಟ್‌ಗೂ ಮುಖ್ಯ ಔಷಧ ತಾಮ್ರ. ಅದನ್ನು ಕೊಡುವ ಚಿಕಿತ್ಸೆಯ ಟ್ಯಾಂಕ್ ಆಡಂಬರದ್ದಾಗಬೇಕಿಲ್ಲ. ಬರಿಯ ಗಾಜಿನ ತಳ, ಹೀಟರ್, ಏರ್ ಪಂಪ್, ಬ್ಯಾಕ್ಟೀರಿಯಾ ಬೆಳೆದ ಸ್ಪಂಜ್ ಫಿಲ್ಟರ್, ಮೀನು ಅಡಗಿಕೊಳ್ಳಲು ಪಿವಿಸಿ ಪೈಪಿನ ತುಂಡುಗಳು, ಇಷ್ಟು ಸಾಕು. ಮರಳನ್ನೂ ಹವಳದ ಕಲ್ಲನ್ನೂ ಹಾಕಬಾರದು, ಅವು ತಾಮ್ರವನ್ನು ಹೀರಿಕೊಂಡು ಪ್ರಮಾಣ ನಿಲ್ಲದಂತೆ ಮಾಡುತ್ತವೆ. ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ಅದನ್ನೂ ತೆಗೆದಿಡಬೇಕು. ಇಂಥ ಟ್ಯಾಂಕಿನಲ್ಲಿ ಮೀನು ಸತ್ತರೆ ಔಷಧದ ಮೇಲೆ ದೂರು ಹೊರಿಸುವುದು ವಾಡಿಕೆ, ಆದರೆ ಅನೇಕ ಸಲ ಕೊಂದಿರುವುದು ಅಮೋನಿಯಾ. ಅದನ್ನು ದಿನವೂ ಪರೀಕ್ಷಿಸಿ, ಏರಿದರೆ ಅಷ್ಟೇ ಪ್ರಮಾಣದ ತಾಮ್ರ ಬೆರೆಸಿದ ಹೊಸ ಉಪ್ಪುನೀರಿನಿಂದ ಸ್ವಲ್ಪ ಭಾಗ ಬದಲಾಯಿಸಬೇಕು. ಅಮೋನಿಯಾವನ್ನು ಕಟ್ಟಿಹಾಕುವ ದ್ರಾವಣಗಳನ್ನು ತಾಮ್ರದ ಜೊತೆ ಸೇರಿಸಬಾರದು, ಅವುಗಳಲ್ಲಿ ಕೆಲವು ತಾಮ್ರವನ್ನು ಮೀನಿಗೆ ಹೆಚ್ಚು ವಿಷಕಾರಿಯಾದ ರೂಪಕ್ಕೆ ತಿರುಗಿಸುತ್ತವೆ.

ತಾಮ್ರದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೆಚ್ಚಿನ ಚಿಕಿತ್ಸೆಗಳು ಕೆಡುವುದು ಇಲ್ಲಿಯೇ. ಕಾಪರ್ ಸಲ್ಫೇಟಿನಂಥ ಸರಳ ತಾಮ್ರವಾದರೆ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ಸಾಕು. ಚೀಲೇಟೆಡ್ ತಾಮ್ರವಾದರೆ, ಅಂದರೆ ಬೇರೊಂದು ಸಂಯುಕ್ತಕ್ಕೆ ಕಟ್ಟಿಹಾಕಿದ ತಾಮ್ರವಾದರೆ, ಲೀಟರಿಗೆ ಸುಮಾರು 2ರಿಂದ 2.5 ಮಿಲಿಗ್ರಾಂ ಬೇಕು. ಎರಡರ ನಡುವೆ ಹತ್ತು ಪಟ್ಟಿಗೂ ಹೆಚ್ಚಿನ ಅಂತರವಿದೆ. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಚ್ಚಿದರೆ ಒಂದೋ ಮೀನು ಸಾಯುತ್ತದೆ, ಇಲ್ಲವೇ ರೋಗ ಉಳಿಯುತ್ತದೆ. ಆದ್ದರಿಂದ ಕೈಯಲ್ಲಿರುವ ಬಾಟಲಿಯಲ್ಲಿ ಯಾವ ಬಗೆಯ ತಾಮ್ರವಿದೆ, ಅದರ ತಯಾರಕರು ಹೇಳಿರುವ ಪ್ರಮಾಣ ಎಷ್ಟು, ನಮ್ಮ ಟೆಸ್ಟ್ ಕಿಟ್ ಆ ಬಗೆಯ ತಾಮ್ರವನ್ನು ಅಳೆಯುತ್ತದೆಯೇ ಎಂಬ ಮೂರನ್ನೂ ಖಚಿತಪಡಿಸಿಕೊಳ್ಳದೆ ಮೊದಲ ಹನಿಯನ್ನೂ ಹಾಕಬಾರದು. ಬಣ್ಣದ ಪಟ್ಟಿಗೆ ಹೋಲಿಸುವ ಕಿಟ್‌ಗಳಲ್ಲಿ ಒಂದು ನೀಲಿಗೂ ಮುಂದಿನ ನೀಲಿಗೂ ವ್ಯತ್ಯಾಸ ಕಣ್ಣಿಗೆ ಹಿಡಿಯುವುದಿಲ್ಲ, ಸಾಧ್ಯವಾದರೆ ಅಂಕಿ ತೋರಿಸುವ ಡಿಜಿಟಲ್ ಮಾಪಕವನ್ನೇ ಬಳಸಿ. ಬಿಳಿ ಚುಕ್ಕೆ ರೋಗಕ್ಕೆ ಎರಡು ಮೂರು ದಿನಗಳಲ್ಲಿ ಮೆಲ್ಲಗೆ ಪ್ರಮಾಣ ಏರಿಸಿದರೆ ಮೀನು ಒಗ್ಗಿಕೊಳ್ಳುತ್ತದೆ. ವೆಲ್ವೆಟ್‌ಗೆ ಅಷ್ಟು ವ್ಯವಧಾನ ಇರುವುದಿಲ್ಲ. ಪೂರ್ಣ ಪ್ರಮಾಣ ಮುಟ್ಟಿದ ದಿನದಿಂದ 30 ದಿನ ಎಣಿಸಿ. ನಡುವೆ ಒಂದು ದಿನ ಪ್ರಮಾಣ ಕೆಳಗಿಳಿದರೂ ಎಣಿಕೆ ಮೊದಲಿನಿಂದ ಶುರುವಾಗಬೇಕು. ಆ ಒಂದು ದಿನ ಬಿರಿದ ಕೋಶದ ಮರಿಗಳು ಬದುಕಿ ಮೀನು ಸೇರಿರುತ್ತವೆ. ಶಾರ್ಕ್ ಮತ್ತು ರೇ ಮೀನುಗಳಿಗೆ ತಾಮ್ರ ಆಗದು. ಮ್ಯಾಂಡರಿನ್, ಲಯನ್ ಮೀನು, ಕುಳ್ಳ ಏಂಜೆಲ್‌ಗಳ ವಿಷಯದಲ್ಲಿ ಮೈಯೆಲ್ಲ ಕಣ್ಣಾಗಿರಬೇಕು.

ತಾಮ್ರ ಬೇಡ ಎನ್ನುವವರಿಗೆ ನಾನು ಮೆಚ್ಚುವ ದಾರಿ ಟ್ಯಾಂಕ್ ಬದಲಾವಣೆ. ಮೀನು ಬಿಟ್ಟ ಜೀವಿ ಕೋಶ ಕಟ್ಟಿ ಮರಿ ಮಾಡಲು ಕನಿಷ್ಠ ಮೂರು ದಿನ ಬೇಕೆಂಬುದನ್ನೇ ಇದು ಆಧರಿಸಿದೆ. ಮೀನನ್ನು ಪ್ರತಿ 72 ಗಂಟೆ ತುಂಬುವುದರೊಳಗೆ ಪೂರ್ತಿ ಒಣಗಿಸಿದ ಟ್ಯಾಂಕಿನ ಹೊಸ ನೀರಿಗೆ ವರ್ಗಾಯಿಸಿ, ಹೀಗೆ ನಾಲ್ಕು ಸಲ ಮಾಡಿದರೆ ಕೋಶಗಳೆಲ್ಲ ಹಿಂದಿನ ಟ್ಯಾಂಕುಗಳಲ್ಲೇ ಉಳಿದು ಮೀನು ಔಷಧವಿಲ್ಲದೆ ಶುದ್ಧವಾಗುತ್ತದೆ. ಒದ್ದೆಯಾದ ಬಲೆಯನ್ನೋ ಪೈಪನ್ನೋ ಒಂದರಿಂದ ಇನ್ನೊಂದಕ್ಕೆ ಸಾಗಿಸಿದರೆ ಶ್ರಮವೆಲ್ಲ ವ್ಯರ್ಥ. ಇದು ಕ್ರಿಪ್ಟೋಕ್ಯಾರಿಯಾನ್‌ಗೆ ಮಾತ್ರ, ವೆಲ್ವೆಟ್‌ಗೆ ನಡೆಯದು. ಉಪ್ಪಿನಂಶ ಇಳಿಸುವ ವಿಧಾನದಲ್ಲಿ ಸಾಪೇಕ್ಷ ಸಾಂದ್ರತೆಯನ್ನು 1.009ಕ್ಕೆ ತಂದು ವಾರಗಟ್ಟಲೆ ಅಲ್ಲಿಯೇ ನಿಲ್ಲಿಸಬೇಕು. ಆದರೆ ಅದನ್ನು ತಾಳಿಕೊಳ್ಳುವ ತಳಿಗಳು ಕಂಡುಬಂದಿವೆ, ವೆಲ್ವೆಟ್‌ಗೆ ಅದು ಏನೂ ಮಾಡದು. ಹಾಗಾಗಿ ಮೊದಲ ಆಯ್ಕೆಯಾಗಿ ಅದನ್ನು ನಾನು ಹೇಳುವುದಿಲ್ಲ.

ಚಪ್ಪಟೆ ಹುಳುಗಳ ಕಥೆ ಬೇರೆ. ಮೀನಿನ ಕಣ್ಣು ಮಂಜಾಗಿ, ತಲೆ ಅಲ್ಲಾಡಿಸುತ್ತ, ಮೈ ಉಜ್ಜಿಕೊಳ್ಳುತ್ತಿದ್ದು ಚುಕ್ಕೆಗಳೇ ಇಲ್ಲದಿದ್ದರೆ ಹುಳುಗಳಿವೆಯೇ ಎಂದು ನೋಡಬೇಕು. ಕ್ಲೋರಿನ್ ತೆಗೆದ, ಮೀನಿರುವ ನೀರಿನಷ್ಟೇ ಉಷ್ಣಾಂಶ ಮತ್ತು ಪಿಎಚ್ ಇರುವ, ಚೆನ್ನಾಗಿ ಗಾಳಿಯಾಡಿಸಿದ ಸಿಹಿನೀರಿನಲ್ಲಿ ಮೀನನ್ನು ಐದು ನಿಮಿಷ ಇಡಿ, ಬಕೆಟ್ ಕಪ್ಪು ಬಣ್ಣದ್ದಾಗಿರಲಿ. ಮೈಮೇಲಿದ್ದಾಗ ಪಾರದರ್ಶಕವಾಗಿ ಕಾಣದೇ ಇದ್ದ ಹುಳುಗಳು ಸಿಹಿನೀರಿಗೆ ಬೆಳ್ಳಗಾಗಿ, ಎಳ್ಳಿನ ಗಾತ್ರದ ಚಪ್ಪಟೆ ತುಣುಕುಗಳಾಗಿ ತಳಕ್ಕೆ ಉದುರುವುದು ಸ್ಪಷ್ಟವಾಗಿ ಕಾಣುತ್ತದೆ. ಇದರಿಂದ ಮೀನಿಗೆ ಉಪಶಮನ ಸಿಗುತ್ತದೆ, ಪೂರ್ತಿ ವಾಸಿಯಾಗುವುದಿಲ್ಲ. ಅದಕ್ಕೆ ಲೀಟರಿಗೆ 2.5 ಮಿಲಿಗ್ರಾಂ ಪ್ರಾಜಿಕ್ವಾಂಟೆಲ್ ಎಂಬ ಹುಳುನಾಶಕ ಔಷಧ ಬೇಕು, ಮೊಟ್ಟೆಗಳಿಗೆ ಅದು ತಾಕದ ಕಾರಣ ಸುಮಾರು ಒಂದು ವಾರದ ನಂತರ ಎರಡನೆಯ ಸಲವೂ ಕೊಡಬೇಕು.

ಹನ್ನೊಂದು ವಾರ ಮೀನಿಲ್ಲದ ಟ್ಯಾಂಕನ್ನು ನೋಡುವುದು ಬೇಸರವೆಂದು ಅನೇಕರು ಒಂದು ತಿಂಗಳಿಗೇ ಕೈಚೆಲ್ಲುತ್ತಾರೆ. ಹೆಚ್ಚಿನ ಕೋಶಗಳು ಒಂದು ತಿಂಗಳೊಳಗೆ ಬಿರಿಯುತ್ತವೆ ಎಂಬುದು ನಿಜ. ಆದರೆ ಪ್ರಯೋಗಾಲಯದಲ್ಲಿ 72ನೆಯ ದಿನ ಬಿರಿದ ಕೋಶವೂ ದಾಖಲಾಗಿದೆ, 76 ದಿನ, ಅಂದರೆ ಸುಮಾರು ಹನ್ನೊಂದು ವಾರ, ಎಂಬ ರೂಢಿ ಬಂದದ್ದು ಅದರಿಂದಲೇ. ವೆಲ್ವೆಟ್‌ಗೆ ಆರು ವಾರ ಸಾಕು. ಆದರೆ ಬಂದದ್ದು ಯಾವುದೆಂದು ಖಾತ್ರಿಯಿಲ್ಲದಿದ್ದರೆ ಉದ್ದದ ಅವಧಿಯನ್ನೇ ಹಿಡಿಯಬೇಕು. ಈ ಅವಧಿಯಲ್ಲಿ ಹವಳ, ಸಿಗಡಿ, ಬಸವನಹುಳುಗಳು ಅಲ್ಲಿಯೇ ಇರಬಹುದು, ಅವುಗಳಿಗೆ ಈ ರೋಗ ಹತ್ತುವುದಿಲ್ಲ. ಸಿಗಡಿಗಳಿಗೂ ಹವಳಗಳಿಗೂ ಎಂದಿನಂತೆ ಆಹಾರ ಹಾಕುತ್ತಿರಿ. ಕಲ್ಲಿನ ಸಂದಿಯಲ್ಲಿ ಒಂದು ಪುಟ್ಟ ಗೋಬಿ ಮೀನು ಉಳಿದುಕೊಂಡಿದ್ದರೂ ಲೆಕ್ಕ ತಪ್ಪುತ್ತದೆ. ಹಿಡಿಯಲಾಗದಿದ್ದರೆ ಕಲ್ಲುಗಳನ್ನೇ ಎತ್ತಿ ಹಿಡಿಯಿರಿ.

ಮುಂದೆ ತರುವ ಪ್ರತಿ ಮೀನಿಗೂ, ನೋಡಲು ಎಷ್ಟೇ ಚೆನ್ನಾಗಿದ್ದರೂ, ಮೊದಲು ಚಿಕಿತ್ಸೆಯ ಟ್ಯಾಂಕಿನಲ್ಲಿ ಇದೇ ಬಗೆಯ ಪ್ರತ್ಯೇಕವಾಸ ಆಗಬೇಕು. ಹವಳ ಮತ್ತು ಬಸವನಹುಳುಗಳ ವಿಷಯದಲ್ಲಿ ಇದನ್ನು ಮರೆಯುವವರೇ ಹೆಚ್ಚು. ಮೀನುಗಳಿದ್ದ ಟ್ಯಾಂಕಿನಿಂದ ಬಂದ ಹವಳದ ಬುಡದಲ್ಲಿಯೋ ಬಸವನಹುಳುವಿನ ಚಿಪ್ಪಿನಲ್ಲಿಯೋ ಅಂಟಿರುವ ಒಂದು ಕೋಶ ಸಾಕು, ಹನ್ನೊಂದು ವಾರ ಕಾದದ್ದೆಲ್ಲ ನೀರುಪಾಲಾಗಲು. ಅವುಗಳನ್ನೂ ಅಷ್ಟೇ ಅವಧಿ ಮೀನಿಲ್ಲದ ಬೇರೆ ಟ್ಯಾಂಕಿನಲ್ಲಿಟ್ಟು ಆಮೇಲೆ ಒಳಗೆ ಬಿಡಿ.